ಡಬ್ಬಿಯ ಅಳತೆ

ಅಣೆಕಟ್ಟು ಸುರಕ್ಷತಾ ಕಚೇರಿಯ ಮಳೆ ಮೇಡಂ, ವಯಸ್ಸು ಐವತ್ತೇಳು, ಗೇಟು ಮೆಕ್ಯಾನಿಕರ ಹೆಂಡತಿ, ದೂರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಮಗಳ ತಾಯಿ, ನನಗೆ ಅತ್ತಿಗೆ, ಕಳೆದ ಮಳೆಗಾಲದ ಕೊನೆಯಲ್ಲಿ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. ಅಣೆಕಟ್ಟಿನ ಕೆಳಗಿರುವ ನಮ್ಮ ಕಾಲೋನಿಯಲ್ಲಿ ಅವರ ಬಗ್ಗೆ ಎರಡು ಅಭಿಪ್ರಾಯಗಳಿವೆ. ತಲೆ ಕೆಟ್ಟಿತ್ತು ಎನ್ನುವವರು ಕೆಲವರು. ತಲೆ ನೆಟ್ಟಗಿತ್ತು, ಮನಸ್ಸು ಕೆಟ್ಟದ್ದಾಗಿತ್ತು ಎನ್ನುವವರು ಉಳಿದವರು. ಎರಡನ್ನೂ ನಾನು ಒಪ್ಪುವುದಿಲ್ಲ. ಹಾಗೆಂದು ಹೊಗಳುವುದಕ್ಕೂ ಕುಳಿತಿಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂಬ ಮಾತು ನನಗೂ ಗೊತ್ತಿದೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಕೊನೆಯಲ್ಲಿ ಅವರು ಮಾಡಿದ್ದನ್ನು ನಾನು ಇಂದಿಗೂ ಕ್ಷಮಿಸಿಲ್ಲವೆಂಬುದನ್ನೂ ಸೇರಿಸಿಯೇ ಹೇಳುತ್ತೇನೆ.

ಅವರ ಕೆಲಸ ಏನೆಂಬುದನ್ನು ಕಾಲೋನಿಯವರು ಕೊನೆಯವರೆಗೂ ತಿಳಿದುಕೊಳ್ಳಲಿಲ್ಲ. ನಾಳೆ ಮಳೆ ಬರುತ್ತದೆಯೇ ಎಂದು ಹೇಳುವುದು ಅವರ ಕೆಲಸವಾಗಿರಲಿಲ್ಲ. ಒಗೆದ ಬಟ್ಟೆ ಹಿಡಿದುಕೊಂಡು ಪಕ್ಕದ ಮನೆಯಾಕೆ ಬಂದು, "ಮೇಡಂ, ಇವತ್ತು ಹೊರಗೆ ಹಾಕ್ಲಾ, ಒಳಗೆ ಹಾಕ್ಲಾ?" ಎಂದು ಕೇಳಿದರೆ, "ಅದು ನನಗೂ ಗೊತ್ತಿಲ್ಲಮ್ಮ, ಆಕಾಶ ನೋಡಿ ಹಾಕಿ" ಎನ್ನುತ್ತಿದ್ದರು. ಅವರ ಮುಂದಿದ್ದ ಪ್ರಶ್ನೆ ಬೇರೆ. ನಮ್ಮ ನದಿ ಹುಟ್ಟುವ ಬೆಟ್ಟಗಳ ಮೇಲೆ ಇನ್ನಿಲ್ಲವೆಂಬಂತೆ ಮಳೆ ಹೊಯ್ದರೆ ಎಷ್ಟು ಹೊಯ್ದೀತು? ಆ ಅಂಕಿಯನ್ನು ಹಿಡಿದುಕೊಂಡು, ಅಷ್ಟು ನೀರನ್ನು ಅಣೆಕಟ್ಟಿನ ಕೋಡಿ ಹೊರಗೆ ಬಿಡಬಲ್ಲದೇ ಎಂದು ನೋಡಬೇಕು. ಬಿಡಲಾರದಿದ್ದರೆ ನೀರು ಅಣೆಕಟ್ಟಿನ ನೆತ್ತಿಯ ಮೇಲೆ ಹತ್ತುತ್ತದೆ. ನಮ್ಮದು ಮಣ್ಣಿನ ಅಣೆಕಟ್ಟು. ನೆತ್ತಿಯ ಮೇಲೆ ನೀರು ಹರಿದ ಮಣ್ಣು ಎಷ್ಟು ಹೊತ್ತು ನಿಂತೀತೆಂಬುದನ್ನು ವಿವರಿಸಬೇಕಾಗಿಲ್ಲ.

ಇಂಥ ಮಳೆಯನ್ನು ಯಾರೂ ಕಂಡಿರುವುದಿಲ್ಲ, ಆದರೂ ಅಳೆಯಬೇಕು. ನಾನು ಸಂಜೆ ಶಾಲೆಗೆ ಸೇರಿದ ಹೊಸದರಲ್ಲಿ, ಅದು ಹೇಗೆಂದು ಕೇಳಿದ್ದಕ್ಕೆ ಅತ್ತಿಗೆ ಊಟದ ಮೇಜಿನ ಮೇಲೆ ಟವೆಲ್ಲನ್ನು ಗುಡ್ಡದಂತೆ ಮಡಚಿಟ್ಟು ತೋರಿಸಿದ್ದರು.

"ಎಲ್ಲೋ ಬಿದ್ದಿರೋ ದೊಡ್ಡ ಮಳೇನ ಎತ್ಕೊಂಡು ಬಂದು ನಮ್ಮ ಬೆಟ್ಟದ ಮೇಲೆ ಕೂರಿಸ್ತೀನಿ. ಆಮೇಲೆ ಕೇಳ್ತೀನಿ, ಮೋಡದಲ್ಲಿ ಆವತ್ತು ಇದ್ದಷ್ಟೇ ನೀರಿತ್ತಾ, ಇನ್ನೂ ಹೆಚ್ಚು ಹಿಡಿಸ್ತಿತ್ತಾ ಅಂತ. ಹಿಡಿಸೋ ಹಾಗಿದ್ರೆ ಅಷ್ಟನ್ನೂ ತುಂಬಿಸ್ತೀನಿ. ಕೊನೆಗೆ ಬೆಟ್ಟ. ಗಾಳಿ ಬೆಟ್ಟಕ್ಕೆ ಬಡಿದು ಮೇಲೆ ಹತ್ತಬೇಕಲ್ಲ, ಹತ್ತೋವಾಗ ತಣ್ಣಗಾಗಿ ನೀರು ಕಕ್ಕುತ್ತೆ. ಎಷ್ಟು ಕಕ್ಕುತ್ತೆ ಅನ್ನೋದೇ ತಲೆನೋವು ಕಣೇ."

"ಅಲ್ಲಿ ಗೇಜು ಇಟ್ಟಿಲ್ವಾ?"

"ಜನ ಇರೋ ಕಡೆ ಗೇಜು, ಮಳೆ ಬೀಳೋ ಕಡೆ ಮೇಕೆ. ನಮ್ಮ ಪುಣ್ಯಕ್ಕೆ ಮೇಲೆ ಒಂದೇ ಒಂದಿದೆ."

ಆ ಒಂದು ಮಳೆಮಾಪಕ ಇದ್ದದ್ದು ಬೆಟ್ಟಸಾಲಿನ ಘಟ್ಟದ ತುದಿಯಲ್ಲಿ, ರಸ್ತೆ ಆಚೆ ಕಡೆಗೆ ಇಳಿಯಲಾರಂಭಿಸುವ ತಿರುವಿನಲ್ಲಿ. ಅಲ್ಲಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಅಜ್ಜ ಪ್ರತಿ ಬೆಳಿಗ್ಗೆ ಅದರೊಳಗಿನ ಡಬ್ಬಿ ತೆಗೆದು, ಗಾಜಿನ ಅಳತೆಯ ಲೋಟಕ್ಕೆ ಸುರಿದು, ಬಂದ ಅಂಕಿಯನ್ನು ಕೆಳಗೆ ಕಳಿಸುತ್ತಿದ್ದ. ಅತ್ತಿಗೆ ಕೆಲಸಕ್ಕೆ ಸೇರುವ ಮೊದಲೇ ಒಂದು ವರ್ಷ ದೊಡ್ಡ ಮಳೆ ಬಂದು ಪೇಟೆಯ ಸೇತುವೆ ಕೊಚ್ಚಿಹೋಗಿತ್ತು. ಆ ದಿನ ಘಟ್ಟದ ಮೇಲಿನ ಅಂಕಿ ಮುನ್ನೂರು ಮಿಲಿಮೀಟರು. ಕೆಳಗಿನ ಪೇಟೆಯಲ್ಲಿ ಅದಕ್ಕಿಂತ ಸ್ವಲ್ಪವೇ ಕಡಿಮೆ. ಮೇಲೂ ಕೆಳಗೂ ಹೆಚ್ಚುಕಡಿಮೆ ಒಂದೇ ಆದದ್ದರಿಂದ, ಬಿರುಮಳೆಯಲ್ಲಿ ನಮ್ಮ ಬೆಟ್ಟ ಹೆಚ್ಚೇನೂ ಸೇರಿಸುವುದಿಲ್ಲವೆಂದು ಅತ್ತಿಗೆ ತೀರ್ಮಾನಿಸಿದರು. ಅವರ ಮೊದಲ ಸ್ವತಂತ್ರ ವರದಿ ಅದು. ಅದರಲ್ಲಿದ್ದ ಅಂಕಿಗೆ ಈಗಿರುವ ಕೋಡಿ ಸಾಕಾಗುತ್ತಿತ್ತು. ಕೋಡಿ ಅಗಲಿಸುವ ಕೆಲಸ ಯೋಜನೆಯಿಂದ ಬಿಟ್ಟುಹೋಯಿತು. ಅತ್ತಿಗೆಗೆ ಬಡ್ತಿ ಸಿಕ್ಕಿತು. ಅಣ್ಣ ಆ ವಾರವೆಲ್ಲ ಗೇಟಿನ ಕೋಣೆಯಲ್ಲಿ, "ನಮ್ಮ ಮನೆಯವಳು ಮಳೆಗೇ ಮಿತಿ ಹಾಕಿದಾಳೆ, ನಾನ್ಯಾವ ಲೆಕ್ಕ!" ಎಂದು ಹೇಳಿಕೊಂಡು ತಿರುಗಿದ.

ವರ್ಷಗಳ ಮೇಲೆ, ತಾನಾಗಿಯೇ ಅಳೆದು ಸುದ್ದಿ ಕಳಿಸುವ ಹೊಸ ಯಂತ್ರವನ್ನು ಘಟ್ಟದ ಮೇಲೆ ನೆಡಬೇಕಾಯಿತು. ಅತ್ತಿಗೆ ಮೊದಲ ಸಲ ಅಲ್ಲಿಗೆ ಹೋದದ್ದು ಆಗಲೇ. ಕಂಬ ಹೊರಲು, ಬೋಲ್ಟು ಬಿಗಿಯಲು ಅಣ್ಣನೂ ಜೀಪು ಹತ್ತಿದ. ಅಲ್ಲಿ ನಡೆದದ್ದನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ, ಆದರೆ ಒಂದೇ ರೀತಿ ಹೇಳಿದ್ದಾರೆ. ಆ ದಂಪತಿಗಳು ಒಂದೇ ರೀತಿ ಹೇಳಿದ ವಿಷಯಗಳು ವಿರಳವಾದದ್ದರಿಂದ ನಾನು ನಂಬುತ್ತೇನೆ.

ಅಜ್ಜ ಬಾಗಿಲಿಗೇ ಬಂದು ಎದುರುಗೊಂಡ. "ಬನ್ನಿ ತಾಯಿ, ಬನ್ನಿ. ಇಷ್ಟು ವರ್ಷ ನಿಮ್ಮ ಕಚೇರಿಯಿಂದ ಬರೀ ಕಾಗದ ಬರ್ತಿತ್ತು, ಇವತ್ತು ಮನುಷ್ಯರೇ ಬಂದಿದೀರಿ."

ಅಂಗಡಿಯ ಹಿಂದೆ ಕೋಳಿಗಳು ಒಂದು ಡಬ್ಬಿಯಿಂದ ನೀರು ಕುಡಿಯುತ್ತಿದ್ದವು. ಅತ್ತಿಗೆ ಚಹಾ ಲೋಟ ಕೈಯಲ್ಲಿ ಹಿಡಿದೇ ಅದನ್ನು ನೋಡುತ್ತ ನಿಂತರು.

"ಅಜ್ಜ, ಆ ಡಬ್ಬಿ ಎಲ್ಲಿಂದು?"

"ನಿಮ್ದೇ! ಗೇಜಿನ ಒಳಗಿದ್ದದ್ದು. ಆಮೇಲೆ ನೀವು ದೊಡ್ಡದು ಕಳಿಸಿದ್ರಲ್ಲ, ಇದು ಕೋಳಿ ಪಾಲಾಯ್ತು."

"ಸೇತುವೆ ಹೋದ ವರ್ಷ ಒಳಗಿದ್ದದ್ದು ಇದೇನಾ?"

"ಇದೇ. ಅದಕ್ಕೂ ಮೊದಲು ಇದ್ದ ದೊಡ್ಡ ಡಬ್ಬಿ ಚಳಿಗೆ ಸೀಳು ಬಿಟ್ಟಿತ್ತು. ಬೇರೆ ಕಳಿಸಿ ಅಂದೆ, ಯಾರೂ ಕಳಿಸಲಿಲ್ಲ. ಪೇಟೆ ಗೇಜಿಂದು ಹಳೇದೊಂದು ಬಿದ್ದಿತ್ತು, ತಂದು ಕೂರಿಸ್ದೆ. ಸರಿಯಾಗೇ ಕೂತ್ಕೊಳ್ತು."

ಘಟ್ಟದ ಮೇಲಿರುವುದು ದೊಡ್ಡ ಡಬ್ಬಿಯೆಂದೇ ಕಚೇರಿಯಲ್ಲಿ ಎಲ್ಲರೂ ನಂಬಿದ್ದರು. ಸಾವಿರ ಮಿಲಿಮೀಟರು ಹಿಡಿಯುವ ಆ ಡಬ್ಬಿಯಲ್ಲಿ ಮುನ್ನೂರೆಂದರೆ ಮೂರನೇ ಒಂದು ಪಾಲು ಕೂಡ ಅಲ್ಲ. ಯಾರಿಗೂ ಅನುಮಾನ ಬರುವಂತಿರಲಿಲ್ಲ. ಅತ್ತಿಗೆ ಕೋಳಿಗಳನ್ನು ಓಡಿಸಿ, ಡಬ್ಬಿಯ ಅಂಚಿನವರೆಗೆ ನೀರು ತುಂಬಿ, ಅಜ್ಜನ ಗಾಜಿನ ಲೋಟದಿಂದ ಅಳೆಯಲಾರಂಭಿಸಿದರು.

"ಏನೇ ಇದು, ಕೋಳಿಗಳ ಹೊಟ್ಟೆ ಮೇಲೆ ಹೊಡೀತಿದೀಯ" ಎಂದು ಅಣ್ಣ ನಕ್ಕ. ಅವರು ಮತ್ತೊಮ್ಮೆ ತುಂಬಿ ಮತ್ತೊಮ್ಮೆ ಅಳೆದರು. ಎರಡು ಸಲವೂ ಮುನ್ನೂರು ಬಂತು.

"ಅಜ್ಜ, ಆವತ್ತು ಬೆಳಿಗ್ಗೆ ಡಬ್ಬಿ ತುಂಬಿತ್ತಾ?"

"ತುಂಬಿತ್ತು."

"ತುಂಬಿ ಹೊರಗೆ ಚೆಲ್ಲಿತ್ತಾ?"

ಅಜ್ಜನಿಗೆ ಸ್ವಲ್ಪ ಸಿಟ್ಟು ಬಂತಂತೆ. "ಒಳ್ಳೆ ಕೇಳ್ತೀರಲ್ಲ! ಮುಗಿಲೇ ಹರಿದು ಬೀಳ್ತಿರೋವಾಗ, ಡಬ್ಬಿಯಿಂದ ಚೆಲ್ಲಿದ್ದು ಯಾವುದು, ಆಕಾಶದಿಂದ ಚೆಲ್ಲಿದ್ದು ಯಾವುದು ಅಂತ ನೀರಿನ ಮೇಲೆ ಹೆಸರು ಬರೆದಿರುತ್ತಾ? ಒಳಗೆ ಎಷ್ಟಿತ್ತೋ ಅಷ್ಟನ್ನ ಅಳೆದೆ. ಒಂದು ಹನಿ ನೆಲಕ್ಕೆ ಬೀಳದ ಹಾಗೆ ಅಳೆದೆ. ಆ ಚಳೀಲಿ ನೀವಾಗಿದ್ರೆ ಕೈ ನಡುಗ್ತಿತ್ತು."

ಡಬ್ಬಿಯಿಂದ ಚೆಲ್ಲಿದ್ದನ್ನು ಹಿಡಿದಿಡಬೇಕಿದ್ದ ಗೇಜಿನ ಹೊರಗಿನ ಕೊಳವೆಯ ತಳ ತುಕ್ಕು ಹಿಡಿದು ತೂತಾಗಿತ್ತು. ಚೆಲ್ಲಿದ್ದೇನಿದ್ದರೂ ಮಣ್ಣಿಗೆ ಹೋಗಿತ್ತು.  ಜೀಪು ಘಟ್ಟದ ಬುಡ ತಲುಪಿದ ಮೇಲೆ ಅತ್ತಿಗೆ ಅಣ್ಣನಿಗೆ, "ಮುನ್ನೂರು ಅನ್ನೋದು ಮಳೆಯ ಅಳತೆ ಅಲ್ಲ ರೀ. ಡಬ್ಬಿಯ ಅಳತೆ. ಇಷ್ಟು ವರ್ಷ ನಾನು ಡಬ್ಬೀನ ಮಳೆ ಅಂದ್ಕೊಂಡು ಗುಣಿಸಿದೀನಿ" ಎಂದರಂತೆ.

ನಿಜವಾದ ಮಳೆ ಎಷ್ಟಿತ್ತೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಅತ್ತಿಗೆ ಬೇರೆ ದಾರಿಗಳಿಂದ ಬಂದರು. ಆ ಪ್ರವಾಹ ಸೇತುವೆಯ ಕಂಬಗಳ ಮೇಲೆ ಉಳಿಸಿದ್ದ ಗುರುತು, ಹೊಳೆ ಉರುಳಿಸಿ ತಂದಿದ್ದ ಬಂಡೆಗಳ ಗಾತ್ರ, ಇಷ್ಟೇ ಎತ್ತರದ ಬೇರೆ ಬೆಟ್ಟಸಾಲುಗಳಲ್ಲಿ ಅಳೆದ ಮಳೆಗಳು. ಎಲ್ಲವೂ ಒಂದೇ ಕಡೆಗೆ ಬೊಟ್ಟು ಮಾಡಿದವು: ಘಟ್ಟದ ಮೇಲೆ ಆ ದಿನ ಬಿದ್ದದ್ದು ಆರುನೂರಕ್ಕೆ ಹತ್ತಿರ. ಅದನ್ನಿಟ್ಟು ಲೆಕ್ಕವನ್ನು ಮತ್ತೆ ಕಟ್ಟಿದಾಗ, ಕೋಡಿಯ ಗೇಟುಗಳನ್ನೆಲ್ಲ ಎತ್ತಿದರೂ ನೀರು ಅಣೆಕಟ್ಟಿನ ನೆತ್ತಿಯನ್ನು ದಾಟುತ್ತಿತ್ತು. ಅದರ ಕೆಳಗೆ ನಾವೆಲ್ಲ ಇದ್ದೆವು.

ಅವರು ಕೇಳಿದ್ದು ಒಂದನ್ನೇ. ಕೋಡಿಯನ್ನು ಅಗಲಿಸುವವರೆಗೆ, ಮಳೆಗಾಲದಲ್ಲಿ ಜಲಾಶಯವನ್ನು ಐದು ಮೀಟರು ಖಾಲಿ ಬಿಡಿ. ಖಾಲಿ ಬಿಟ್ಟರೆ ಪೇಟೆಗೆ ಬೇಸಿಗೆಯ ನೀರು ಕಡಿಮೆಯಾಗುತ್ತದೆ, ವಿದ್ಯುತ್ತು ಕಡಿಮೆಯಾಗುತ್ತದೆ. ಅದನ್ನು ಮುಚ್ಚಿಡದೆ ಬರೆದರು. ತಮ್ಮ ಮೊದಲ ಅಂಕಿ ತಪ್ಪೆಂದೂ ಬರೆದರು.

ಸಮಿತಿ ಸೇರಿದ ದಿನ ನಡಾವಳಿ ಬರೆದುಕೊಳ್ಳಲು ನಾನೇ ಕುಳಿತಿದ್ದೆ. ಆ ಹೊತ್ತಿಗೆ ಅದೇ ಕಚೇರಿಯಲ್ಲಿ ಬೆರಳಚ್ಚಿನ ಕೆಲಸ ನನ್ನದು. ಉದ್ದನೆಯ ಮೇಜು, ಕಿಟಕಿಗೆ ಹಸಿರು ಪರದೆ, ನೀರಿನ ಹೂಜಿಯ ಪಕ್ಕ ತಲೆಕೆಳಗಾಗಿಟ್ಟ ಲೋಟಗಳು. ಅಧ್ಯಕ್ಷರನ್ನು ಕಚೇರಿಯವರು ಬೆನ್ನ ಹಿಂದೆ ‘ದಶಮಾಂಶ’ ಎನ್ನುತ್ತಿದ್ದರು. ಚುಕ್ಕಿಯ ಆಚೆ ಎರಡು ಅಂಕಿ ಇಲ್ಲದ ಯಾವುದನ್ನೂ ಅವರು ಓದುತ್ತಿರಲಿಲ್ಲ. ದಡ್ಡರಲ್ಲ, ಕೆಟ್ಟವರೂ ಅಲ್ಲ. ಬೇಸಿಗೆಯಲ್ಲಿ ನಲ್ಲಿ ಒಣಗಿದರೆ ಪೇಟೆಯ ಜನ ಅವರ ಮನೆಯ ಮುಂದೆಯೇ ಬಂದು ನಿಲ್ಲುತ್ತಿದ್ದರು.

"ಮೇಡಂ, ಹೊಸ ಅಂಕಿ ಸರಿ ಇದ್ರೆ ಹಳೇದು ತಪ್ಪು. ಹಳೇದು ಯಾರದು?"

"ನಂದೇ ಸಾರ್."

"ಒಂದು ಸಲ ತಪ್ಪಿದವರು ಇನ್ನೊಂದು ಸಲ ತಪ್ಪಲ್ಲ ಅಂತ ನಾವು ಹೇಗೆ ನಂಬೋದು?"

"ಆವತ್ತು ನಾನು ಡಬ್ಬಿ ನೋಡಿರಲಿಲ್ಲ. ಈಗ ನೋಡಿದೀನಿ."

"ಡಬ್ಬಿ ನೋಡಿದೀರಿ, ಮಳೆ ನೋಡಿಲ್ಲವಲ್ಲ. ಅದು ಚೆಲ್ಲಿದ್ದನ್ನ ಕಂಡವರಿದಾರಾ? ಗೇಜಿನವನೇ ಗೊತ್ತಿಲ್ಲ ಅಂತಾನೆ."

ಮೇಜಿನ ಕೊನೆಯಲ್ಲಿದ್ದ ವಿದ್ಯುತ್ತಿನ ಅಧಿಕಾರಿ, "ಖಾಲಿ ಬಿಡೋದಕ್ಕೆ ಅಣೆಕಟ್ಟು ಯಾಕೆ ಬೇಕಿತ್ತು ಮೇಡಂ, ಹೊಳೇನೇ ಸಾಕಿತ್ತಲ್ಲ" ಎಂದರು. ನಗು ಮೇಜನ್ನು ಒಂದು ಸುತ್ತು ಹಾಕಿತು. ಅಧ್ಯಕ್ಷರು ನಗಲಿಲ್ಲ. ಹೊಸ ಯಂತ್ರ ಘಟ್ಟದ ಮೇಲಿದೆ, ಕೆಲವು ವರ್ಷ ಅದು ಏನು ಹೇಳುತ್ತದೋ ನೋಡೋಣ ಎಂದರು. ನಮ್ಮ ಭಾಷೆಯಲ್ಲಿ ‘ಇಲ್ಲ’ ಎಂಬುದಕ್ಕಿಂತ ಗಟ್ಟಿಯಾದ ನಿರಾಕರಣೆ ‘ನೋಡೋಣ’. ಇಲ್ಲವೆಂದರೆ ಜಗಳವಾಡಬಹುದು, ನೋಡೋಣ ಎಂದವರೊಡನೆ ಜಗಳಕ್ಕೂ ಜಾಗವಿಲ್ಲ. ನಾನು ಹಾಗೆಯೇ ಬರೆದುಕೊಂಡೆ.

ಯಂತ್ರ ತನ್ನ ಕೆಲಸ ಮಾಡಿತು. ವರ್ಷ ವರ್ಷವೂ ಸಾಧಾರಣ ಮಳೆಯನ್ನು ತಪ್ಪದೆ ಅಳೆದು ಕಳಿಸಿತು. ಪ್ರತಿ ಮಳೆಗಾಲ ಮುಗಿದಾಗಲೂ ಅತ್ತಿಗೆಯ ಅಂಕಿ ಇನ್ನಷ್ಟು ಸುಳ್ಳಾಗಿ ಕಾಣಿಸುತ್ತಿತ್ತು. ಸುದ್ದಿ ಕಾಲೋನಿಗೂ ಇಳಿಯಿತು. ಅಂಗಡಿಯವನು, "ಮೇಡಂ, ಈ ವರ್ಷ ಕೊಡೆ ಕೊಡ್ಲಾ, ದೋಣಿ ತರಿಸ್ಲಾ?" ಎಂದು ಕೇಳುತ್ತಿದ್ದ. ಮೊದಮೊದಲು ಅತ್ತಿಗೆಯೂ ಬಿಡುತ್ತಿರಲಿಲ್ಲ. "ದೋಣೀನೇ ತರಿಸಪ್ಪ, ಸಾಲ ಕೊಡೋ ಹಾಗಿದ್ರೆ" ಎನ್ನುತ್ತಿದ್ದರು. ಕ್ರಮೇಣ ಮಾತು ಹರಿತವಾಯಿತು. ದಶಮಾಂಶದವರು ಒಮ್ಮೆ ಕಾರಿಡಾರಿನಲ್ಲಿ ನಿಲ್ಲಿಸಿ, ಈ ಸಲವೂ ಘಟ್ಟದ ಮೇಲೆ ವಿಶೇಷವೇನಿಲ್ಲವಂತಲ್ಲ ಎಂದದ್ದಕ್ಕೆ, ನನ್ನ ಎದುರಿಗೇ ಹೇಳಿದರು: "ಸಾರ್, ದಿನಾ ಬೆಳಿಗ್ಗೆ ಎದ್ದು ‘ಇವತ್ತೂ ಸಾಯಲಿಲ್ಲ’ ಅಂತ ಬರೆದಿಟ್ರೆ, ಮನುಷ್ಯ ಸಾಯೋದೇ ಇಲ್ಲ ಅಂತ ಸಾಬೀತಾಗುತ್ತಾ?" ಅಧ್ಯಕ್ಷರು ತಮ್ಮ ಕೋಣೆಗೆ ಹೊರಟುಹೋದರು. ಮಾತು ಗೆದ್ದಿತು, ಜಲಾಶಯದಲ್ಲಿ ಒಂದು ಮೀಟರು ಕೂಡ ಖಾಲಿಯಾಗಲಿಲ್ಲ.

ಇಲ್ಲಿಂದ ಮುಂದಿನದು ನನಗೆ ಬರೆಯಲು ಇಷ್ಟವಿಲ್ಲದ ಭಾಗ.

ಒಂದು ಮಳೆಗಾಲದ ನಡುವೆ ಬಿಡದೆ ಮಳೆ ಹಿಡಿಯಿತು. ಜಲಾಶಯ ಅಂಚಿನವರೆಗೆ ಬಂತು. ಅಣ್ಣ ಗೇಟಿನ ಕೋಣೆ ಬಿಟ್ಟು ಬರಲಿಲ್ಲ. ಒಂದು ಗೇಟಿನ ಸರಪಳಿ ಸಿಕ್ಕಿಹಾಕಿಕೊಂಡು, ನಾಲ್ಕು ಜನ ಕೈಯಿಂದ ಎತ್ತಬೇಕಾಯಿತೆಂದು ಆಮೇಲೆ ತಿಳಿಯಿತು. ಅತ್ತಿಗೆ ಮನೆಯಲ್ಲಿ ಕುಳಿತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಗಂಡನ ಮೇಲಿನ ಕಾಳಜಿಯೆಂದೇ ನಾನು ತಿಳಿದಿದ್ದೆ. ಮಳೆ ಇಳಿದ ಬೆಳಿಗ್ಗೆ ಅಣ್ಣ ಬಾಗಿಲಿಗೆ ಬಂದ. ಮೈಯೆಲ್ಲ ಗ್ರೀಸು, ಅಂಗೈಗೆ ಚಿಂದಿ ಸುತ್ತಿತ್ತು. ಅವನು ಬೂಟು ಕಳಚುವ ಮೊದಲೇ ಅತ್ತಿಗೆ ಕೇಳಿದರು:

"ಘಟ್ಟದ ಮೇಲೆ ಎಷ್ಟಾಯ್ತು?"

"ನೂರೆಂಬತ್ತು."

ಅವರ ಮುಖ ಬಾಡಿತು. ನಾನೂ ನೋಡಿದೆ. ಅಣ್ಣನೂ ನೋಡಿದ.

"ಅಯ್ಯೋ ಪಾಪ, ಕಡಿಮೆ ಆಯ್ತಾ?" ಎಂದ. ಆಮೇಲೆ ಧ್ವನಿ ಏರಿಸದೆ ಹೇಳಿದ: "ನಾವೆಲ್ಲ ಬದುಕಿದ್ವಿ ಕಣೇ. ನಿನ್ನ ಮುಖ ಯಾಕೆ ಸಪ್ಪೆ ಆಯ್ತು?"

ಅತ್ತಿಗೆ ಒಳಗೆ ಹೋಗಿ ಒಲೆ ಹಚ್ಚಿದರು. ಮೇಲೆ ಪಾತ್ರೆ ಇಡಲಿಲ್ಲ. ಬರಿಯ ಉರಿಯನ್ನು ನೋಡುತ್ತ ನಿಂತದ್ದನ್ನು ಕಂಡು ನಾನೇ ಹೋಗಿ ಆರಿಸಿದೆ. ಅಣ್ಣನ ಅಂಗೈ ತೊಳೆದು ಔಷಧ ಹಚ್ಚಿದ್ದೂ ನಾನೇ. ಅಂದಿನಿಂದ ಆ ಮನೆಯಲ್ಲಿ ಮಳೆಯ ಮಾತು ಬರಲಿಲ್ಲ. ಜಗಳವಿರಲಿಲ್ಲ, ಒಬ್ಬರ ತಟ್ಟೆ ಒಬ್ಬರು ಎತ್ತಿಡುತ್ತಿದ್ದರು, ಅಷ್ಟೇ.

ಕೆಲವು ತಿಂಗಳ ಮೇಲೆ, ಸೊಪ್ಪು ಬಿಡಿಸುತ್ತ ಕುಳಿತಿದ್ದಾಗ, ಕೇಳದೆಯೇ ಹೇಳಿದರು.

"ನಿಮ್ಮಣ್ಣ ಹೇಳಿದ್ದು ನಿಜ ಕಣೇ. ನಾನು ಕಾಯ್ತಾ ಇದ್ದೆ. ಈ ಸಲ ಬರ್ಲಿ, ಇವರ ಕಣ್ಣು ತೆರೀಲಿ ಅಂತ. ನನ್ನ ಲೆಕ್ಕ ನಿಜ ಆದ್ರೆ ಈ ಬೀದಿ ಉಳಿಯಲ್ಲ. ಈ ಬೀದಿ ಉಳಿದ್ರೆ ನನ್ನ ಲೆಕ್ಕ ಸುಳ್ಳು. ಇಂಥದ್ದನ್ನ ಹೊಟ್ಟೇಲಿ ಇಟ್ಕೊಂಡು ಅವರ ಪಕ್ಕದಲ್ಲಿ ಹೇಗೆ ಮಲಗ್ಲಿ?"

"ಕಾದಿದ್ದಕ್ಕೆ ಮಳೆ ಬರಲ್ಲ ಅತ್ತಿಗೆ. ಕಾಯದೇ ಇದ್ರೆ ನಿಲ್ಲೋದೂ ಇಲ್ಲ."

"ಅದು ನಿನ್ನ ಶಾಲೆ ಮಾತು."

"ಆ ಶಾಲೆಗೆ ಕಳಿಸಿದ್ದು ನೀವೇ."

ಅವರು ಸ್ವಲ್ಪ ನಕ್ಕರು. ಅವರು ನಕ್ಕದ್ದನ್ನು ಆಮೇಲೆ ನಾನು ಕಂಡ ನೆನಪಿಲ್ಲ.

ಮರುವರ್ಷ ಸಮಿತಿ ಮತ್ತೆ ಸೇರಿತು. ನೋಡುವ ವರ್ಷಗಳು ಮುಗಿದಿದ್ದವು. ಯಂತ್ರದ ಅಂಕಿಗಳನ್ನೆಲ್ಲ ಓದಿದ ಮೇಲೆ ಅಧ್ಯಕ್ಷರು, ನ್ಯಾಯವಾಗಿಯೇ, ಅತ್ತಿಗೆಯ ಕಡೆ ತಿರುಗಿದರು. "ಮೇಡಂ, ಹಳೇ ಅಂಕೀನೇ ಖಾಯಂ ಮಾಡ್ಬೇಕು ಅಂತ ಇದೀವಿ. ನೀವು ಈಗಲೂ ಬೇಡ ಅಂತೀರಾ? ಬೇಡ ಅಂದ್ರೆ ಹೊರಗಿನ ತಜ್ಞರಿಗೆ ಕಳಿಸ್ಬೇಕಾಗುತ್ತೆ, ಕಳಿಸ್ತೀನಿ." ಇಷ್ಟು ವರ್ಷಗಳಲ್ಲಿ ತೆರೆದ ಒಂದೇ ಬಾಗಿಲು ಅದು. ನಾನು ಬರೆಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದೆ.

"ನಂದೇನೂ ಇಲ್ಲ ಸಾರ್" ಎಂದರು ಅತ್ತಿಗೆ.

‘ಆಕ್ಷೇಪಣೆ ಇಲ್ಲ’ ಎಂದು ನಡಾವಳಿಯಲ್ಲಿ ಸೇರಿತು.

ಮನೆಗೆ ಬರುವ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಒಂದು ಮಾತು ಸಾಕಿತ್ತು ಅತ್ತಿಗೆ. ಬೇಡ ಅಂದಿದ್ರೆ ಸಾಕಿತ್ತು."

"ಬೇಡ ಅಂದಿದ್ರೆ ಮತ್ತೆ ಕಾಯ್ಬೇಕಿತ್ತು."

"ಕಾಯ್ಬೇಕಿತ್ತು!"

"ನನ್ನ ಕೈಲಿ ಆಗಲ್ಲ. ನೀನು ಹೋಗಿ ಹೇಳು, ನಿನಗೂ ಎಲ್ಲಾ ಗೊತ್ತಲ್ಲ."

"ನಾನು ಟೈಪಿಸ್ಟು. ನನ್ನ ಮಾತು ಯಾರು ಕೇಳ್ತಾರೆ?"

"ನಾನು ಹುಚ್ಚಿ. ನನ್ನದನ್ನ ಯಾರು ಕೇಳ್ತಿದ್ರು?"

ಆದರೂ ನಾನು ಹೋದೆ, ಹೇಳಿದೆ. ಅಧ್ಯಕ್ಷರು ಕುರ್ಚಿ ತೋರಿಸಿ, ಕೊನೆಯವರೆಗೆ ಕೇಳಿ, "ಮೇಡಮ್ಮೇ ಬಿಟ್ಟ ಮೇಲೆ ನೀವ್ಯಾಕಮ್ಮ ಹಿಡ್ಕೊಂಡಿದೀರಿ" ಎಂದರು.

ಯಾರಿಗಾದರೂ ತಮ್ಮ ಮನಸ್ಸಿನ ಕೊಳೆ ಕಂಡು ಹೇಸಿಗೆಯಾಗುವುದು ಸಹಜ. ಅದನ್ನು ತೊಳೆಯಲು ಸಾವಿರಾರು ಜನರ ತಲೆಯ ಮೇಲಿನ ಕಾವಲನ್ನು ಬಿಟ್ಟುಕೊಡುವುದು ಸಹಜವಲ್ಲ. ಇದನ್ನು ಅತ್ತಿಗೆ ಹಾಸಿಗೆ ಹಿಡಿದಾಗಲೂ ನಾನು ಅವರಿಗೆ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು, "ಹೂಂ" ಎಂದರು. ಒಪ್ಪಿಗೆಯೋ ದಣಿವೋ ತಿಳಿಯಲಿಲ್ಲ. ಕೊನೆಯ ವಾರಗಳಲ್ಲಿ ಉಸಿರಾಟ ಕಷ್ಟವಾಗಿತ್ತು. ಮಗಳು ರಜೆ ಹಾಕಿ ಬಂದು ಪಕ್ಕದಲ್ಲೇ ಇದ್ದಳು. ಮಳೆಯ ಸದ್ದು ಕೇಳಿಸಿದರೆ ಕಿಟಕಿ ಮುಚ್ಚುವಂತೆ ಸನ್ನೆ ಮಾಡುತ್ತಿದ್ದರು. ಅಣ್ಣ ಗೇಟಿನ ಕೆಲಸ ಮುಗಿಸಿ ಬಂದು ಕಾಲುಬುಡದಲ್ಲಿ ಕೂರುತ್ತಿದ್ದ. ಕೊನೆಯ ದಿನವೂ ಹಾಗೆಯೇ ಕುಳಿತಿದ್ದ.

ಅವರು ಬಿಟ್ಟುಹೋದದ್ದು ಇಷ್ಟು. ಹೆಂಡತಿಯ ಕನ್ನಡಕವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗುವ ಗಂಡ. ತಂದೆಯನ್ನು ಈ ಕಾಲೋನಿಯಿಂದ ಕರೆದೊಯ್ಯಬೇಕೆಂದು ಹಟ ಹಿಡಿದು, ಇನ್ನೂ ಗೆಲ್ಲದಿರುವ ಮಗಳು. ಎರಡು ಜೊತೆ ಚಪ್ಪಲಿ, ಉಣ್ಣೆಯ ಒಂದು ಶಾಲು, ಒಂದು ತೋಳು ಮಾತ್ರ ಹೆಣೆದಾಗಿದ್ದ ಸ್ವೆಟರು. ನಾನು. ಸಹಿ ಹಾಕಿದ ಎರಡು ಅಂಕಿಗಳು: ಒಂದನ್ನು ಯಾವ ಕಚೇರಿಯೂ ಇಟ್ಟುಕೊಂಡಿಲ್ಲ, ಇನ್ನೊಂದು ಜಾರಿಯಲ್ಲಿದೆ. ಮತ್ತು ಆ ಜಾರಿಯಲ್ಲಿರುವ ಅಂಕಿಯ ಆಧಾರದ ಮೇಲೆ ಜಾಗ ಸುರಕ್ಷಿತವೆಂದು ಬರೆದುಕೊಟ್ಟದ್ದರಿಂದ, ಕೋಡಿಯ ಕೆಳಗಿನ ಬಯಲಿನಲ್ಲಿ ಈ ವರ್ಷ ಗೋಡೆ ಏಳುತ್ತಿರುವ ಒಂದು ಶಾಲೆ.